ಲಖನನ ಮೌನದ ಭಾನುವಾರ

ಉಜ್ವಲಾ ಮೇಡಂಗೆ ಲಖನನ ಮೇಲಿದ್ದ ದೂರು ಒಂದೇ. ಹುಡುಗ ಮಾತು ಶುರು ಮಾಡಿದರೆ ಮುಗಿಸುವುದಿಲ್ಲ.

ಚಿಕ್ಕೋಡಿಯ ಕಾಲೇಜಿನಲ್ಲಿ ಅವನು ಬಿ.ಎ. ಎರಡನೆಯ ವರ್ಷ ಓದುತ್ತಿದ್ದ. 'ಸಂವಹನ ಮತ್ತು ಕಲೆ' ಎಂಬ ವಿಷಯವನ್ನು, ಅದರಲ್ಲಿ ಮಾತಾಡುವುದಕ್ಕೂ ಅಂಕ ಕೊಡುತ್ತಾರೆಂದು ಯಾರೋ ಹೇಳಿದ್ದರಿಂದಲೇ ಆರಿಸಿಕೊಂಡಿದ್ದ. ಮೇಡಂ ಕೊಟ್ಟ ಮೊದಲ ಅಸೈನ್‌ಮೆಂಟು, ಸಾಬೂನಿಗೆ ಐದು ಪದಗಳ ಜಾಹೀರಾತು. ಲಖನ ಮೂರು ಪುಟ ಬರೆದ. ಅದರಲ್ಲಿ ಸಾಬೂನಿನ ಬಾಲ್ಯವೂ ಬಂದಿತ್ತು. ಎರಡನೆಯದು ಒಂದು ನಿಮಿಷದ ರೇಡಿಯೋ ಕಾರ್ಯಕ್ರಮ. ಅವನದು ಹದಿನೇಳು ನಿಮಿಷವಾಯಿತು, ಸ್ವಾಗತಕ್ಕೇ ನಾಲ್ಕು ನಿಮಿಷ ಹಿಡಿದಿತ್ತು. ಮೂರನೆಯದು ನೀರಿನ ಉಳಿತಾಯದ ಬಗ್ಗೆ ಒಂದು ಪೋಸ್ಟರು. ಗೋಡೆಗೆ ಹಚ್ಚಿದ ಮೇಲೆ ಅದು ದೂರದಿಂದ ಮತದಾರರ ಪಟ್ಟಿಯಂತೆ ಕಾಣುತ್ತಿತ್ತು. ಇಬ್ಬರು ಹೋಗಿ ತಮ್ಮ ಹೆಸರು ಹುಡುಕಿಯೂ ಬಂದರು.

ಶನಿವಾರ ಮೇಡಂ ಅವನನ್ನು ಕರೆದು ಕೊನೆಯ ಅಸೈನ್‌ಮೆಂಟು ಕೊಟ್ಟರು.

"ನಾಳೆ ಬೆಳಿಗ್ಗೆ ಆರರಿಂದ ಸಂಜೀ ಆರರ ತನಕ ಒಂದ ಮಾತೂ ಆಡಬಾರದು. ಬರದು ತೋರಿಸಬಾರದು. ಮೊಬೈಲ್ ಮುಟ್ಟಬಾರದು. ಹಿಂಗ ಅಂತ ಮೊದಲs ಯಾರಿಗೂ ಹೇಳಬಾರದು. ಖೋಲಿ ಬಾಗಲಾ ಹಾಕ್ಕೊಂಡು ಮಲಗೂದೂ ನಡಿಯೂದಿಲ್ಲ, ಮಂದ್ಯಾಗ ಇರಬೇಕು. ಆಮ್ಯಾಲ ನಿನಗ ಏನ್ ತಿಳೀತು ಅಂತ ಎರಡ ಪುಟಾ ಬರಿ. ಎರಡ!"

"ಮೇಡಂ, ಅದು ಹೆಂಗಂದ್ರ..."

"ಇದೂ ಹೋತಂದ್ರ ಮುಂದಿನ ವರ್ಷ ಮತ್ತ ಇದs ಕ್ಲಾಸಿಗೆ ಬರ್ತಿ, ನೋಡು."

ಲಖನ ಬಾಯಿ ಮುಚ್ಚಿದ. ಅಪ್ಪ ಬಾಳು, ಕರೋಶಿ ಊರಿನ ಪಂಚಾಯಿತಿಯಲ್ಲಿ ನೀರು ಬಿಡುವವನು. ಅವ್ವ ತುಳಸವ್ವ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಇನ್ನೊಂದು ವರ್ಷ ಓದಿಸಿರೆಂದು ಅವರೆದುರು ನಿಂತು ಹೇಳುವುದು ಅವನಿಂದಾಗದ ಕೆಲಸವಾಗಿತ್ತು.

ಭಾನುವಾರ ಬೆಳಿಗ್ಗೆ ತುಳಸವ್ವ ಚಹಾ ತಂದಿಟ್ಟಳು. ದಿನಾ ಚಹಾಕ್ಕಿಂತ ಮೊದಲು ಮಗನ ಕನಸಿನ ವರದಿ ಬರುತ್ತಿತ್ತು. ಇಂದು ಏನೂ ಬರಲಿಲ್ಲ.

"ಯಾಕೋ? ಮೈಯಾಗ ಆರಾಮ ಇಲ್ಲೇನು?"

ಲಖನ ನಕ್ಕ. ನಗುವುದಕ್ಕೆ ಮೇಡಂ ಬೇಡವೆಂದಿರಲಿಲ್ಲ.

"ಸಿಟ್ಟಾಗೀ ಏನು?"

ಅವನು ಮತ್ತೆ ನಕ್ಕ. ತುಳಸವ್ವನ ಮುಖ ಸಣ್ಣದಾಯಿತು. ಎರಡು ಸಲ ಒಳಗೆ ಹೊರಗೆ ಓಡಾಡಿ ಬಂದು, "ಹೌದಪಾ, ತಪ್ಪ ನಂದs!" ಎಂದಳು. "ನಿನ್ನ ಹೊಸಾ ಅಂಗಿ ನಾನs ನಮ್ಮಣ್ಣನ ಮಗನ ನಿಶ್ಚಯಕ್ಕ ಕೊಟ್ಟಿದ್ದೆ. ಸಾರಿನ ಕಲಿ ಮಾಡ್ಕೊಂಡ ಬಂದಾನ. ತೊಳದ್ರ ಹೋಗವಲ್ದು ಅಂತ ಅಕ್ಕೀ ಚೀಲದ ಕೆಳಗ ಇಟ್ಟೀನಿ. ಯಾರ ಹೇಳಿದ್ರು ನಿನಗ?"

ಯಾರೂ ಹೇಳಿರಲಿಲ್ಲ. ಬಾಯಿಗೆ ಬಂದ ಕೂಗನ್ನು ಲಖನ ಚಹಾದ ಜೊತೆ ನುಂಗಿದ. ಸುಮ್ಮನಿದ್ದರೆ ಜನರೇ ಹೊಟ್ಟೆಯಲ್ಲಿದ್ದದ್ದನ್ನು ಹೇಳಿಬಿಡುತ್ತಾರೆಂಬುದು ಅವನಿಗೆ ಆ ದಿನ ತಿಳಿದ ಮೊದಲ ಸಂಗತಿ.

ಆಗಲೂ ಬಾಯಿ ಬಿಡದ ಮಗನನ್ನು ಕಂಡು ತುಳಸವ್ವನಿಗೆ ಅಂಗಿಯ ಚಿಂತೆ ಹೋಗಿ ಮಗನದೇ ಚಿಂತೆ ಹತ್ತಿತು. ಪಕ್ಕದ ಮನೆಯ ಕಸ್ತೂರೆವ್ವನನ್ನು ಕರೆತಂದಳು. ಕಸ್ತೂರೆವ್ವ ಎಪ್ಪತ್ತರ ಮುದುಕಿ. ಓಣಿಯಲ್ಲಿ ಯಾರಿಗೆ ದೃಷ್ಟಿಯಾದರೂ ತೆಗೆಯುವವಳು ಅವಳೇ. ಉಪ್ಪು, ಒಣಮೆಣಸಿನಕಾಯಿ ಇಳಿಸಿ ಕೆಂಡಕ್ಕೆ ಹಾಕಿ, ತುಳಸವ್ವನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದಳು. ಹುಡುಗನೆದುರು ಕುಳಿತಳು. ಅವನು ನಡುವೆ ಬಾಯಿ ಹಾಕದಿದ್ದುದರಿಂದ ಅವಳಿಗೂ ಮಾತು ಬಂತು.

"ನನ್ನ ಮಗಳು ನೀಲಮಗ ಗಂಡಸ್ ಮಗಾ ಹುಟ್ಟಿ ಎಂಟ ತಿಂಗಳಾತಪಾ. ಹೆಸರಿಡುವಾಗ ನನ್ನ ಒಂದ ಮಾತ ಕೇಳಲಿಲ್ಲ ಅಂತ ಎದ್ದ ಬಂದೆ. ಆವಾಗಿಂದ ನಿಪ್ಪಾಣಿ ಕಡೆ ಮುಖಾ ಹಾಕಿಲ್ಲ. ಕೂಸಿಗೆ ಹಲ್ಲ ಬಂದಾವಂತ. ನಾನs ಹೋಗ್ಲ್ಯಾ, ಅಕಿನs ಬರ್ಲಿ ಅಂತೀಯಾ?"

ಅಷ್ಟರಲ್ಲಿ ಮೆಣಸಿನಕಾಯಿಯ ಘಾಟು ಕೋಣೆಯನ್ನೆಲ್ಲ ತುಂಬಿತ್ತು. ಲಖನನ ಎರಡೂ ಕಣ್ಣುಗಳಲ್ಲಿ ನೀರು ಸುರಿಯತೊಡಗಿತು. ಬಾಗಿಲು ತೆಗೆಯೆಂದು ಅವನು ಕೈ ಬೀಸಿ ಬೀಸಿ ತೋರಿಸಿದ.

ಕಸ್ತೂರೆವ್ವ ಅವನನ್ನು ದಿಟ್ಟಿಸಿ ನೋಡಿದಳು. ಅವಳ ಕಣ್ಣೂ ಒದ್ದೆಯಾಯಿತು. "ನನ್ನ ಸಂಕಟಕ್ಕ ನೀ ಅಳತೀ ಏನೋ ಮಗನ? ಹೋಗು ಅಂತೀ? ಆತು ಬಿಡು, ಹೋಗ್ತೀನಿ." ಸೆರಗು ಕಟ್ಟಿಕೊಂಡು ಎದ್ದವಳು ಒಂಬತ್ತರ ಬಸ್ಸಿಗೆ ನಿಪ್ಪಾಣಿಗೆ ಹೋಗಿಯೇ ಬಿಟ್ಟಳು.

ಮನೆಯಲ್ಲಿದ್ದರೆ ಇನ್ನೇನೇನು ಸುಡುತ್ತಾರೋ ಎಂದು ಲಖನ ಜ್ಞಾನದೇವನ ಚಹಾದಂಗಡಿಗೆ ಹೋದ. ಅಲ್ಲಿ ವಿರುಪಾಕ್ಷಪ್ಪ ಒಬ್ಬನೇ ಕುಳಿತಿದ್ದ. ಎಂಟು ಎಕರೆ ಕಬ್ಬು ಇದ್ದವನು. ಅವನಿಗೂ ತಮ್ಮ ಸಿದರಾಯನಿಗೂ ಸೇರಿ ಒಂದೇ ಬಾವಿ, ಒಂದೇ ಮೋಟಾರು. ಆ ಮೋಟಾರಿಗಾಗಿ ಅಣ್ಣತಮ್ಮಂದಿರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು.

"ನೀನs ಹೇಳು ಲಖನ," ಎಂದು ವಿರುಪಾಕ್ಷಪ್ಪ ಶುರು ಮಾಡಿದ. "ಒಂದ ದಿನಾ ಅವನ ಪಾಳಿ, ಒಂದ ದಿನಾ ನನ್ನ ಪಾಳಿ. ನೀರ ಅರ್ಧಾ ಹೊಲಾ ಮುಟ್ಟೂದ್ರಾಗ ಕರೆಂಟ್ ಹೋಗತೈತಿ. ಮರದಿನಾ ಅಂವ ತನ್ನ ಕಡೆ ತಿರುವ್ತಾನ. ಇಬ್ಬರ ಕಬ್ಬೂ ಒಣಗಾಕತ್ತೈತಿ. ನನ್ನ ತಪ್ಪ ಏನೈತಿ ಹೇಳು?"

ಬೇರೆ ದಿನವಾಗಿದ್ದರೆ ಲಖನ ಮೋಟಾರಿನ ಚರಿತ್ರೆಯಿಂದ ಶುರು ಮಾಡುತ್ತಿದ್ದ. ಇಂದು ಹಸಿವಾಗಿತ್ತು. ಜ್ಞಾನದೇವನ ಕಡೆ ನೋಡಿ, ಎರಡು ಖಾರಿ ಬಿಸ್ಕತ್ತು ಕೊಡೆಂದು ಎರಡು ಬೆರಳು ಎತ್ತಿದ.

ವಿರುಪಾಕ್ಷಪ್ಪ ಆ ಬೆರಳುಗಳನ್ನೇ ನೋಡುತ್ತ ಕುಳಿತ. ಆಮೇಲೆ ಹಣೆ ಬಡಿದುಕೊಂಡ. "ಎರಡ ದಿನಾ! ಎರಡ ದಿನಾ ಅವಂದು, ಎರಡ ದಿನಾ ನಂದು! ನೀರು ಕಡೀತನಕಾ ಮುಟ್ಟತೈತಿ! ಎರಡ ವರ್ಷ ನಮ್ಮ ತಲಿಗೆ ಇದು ಹೊಳೀಲಿಲ್ಲಲೋ!" ಅರ್ಧ ಚಹಾ ಬಿಟ್ಟು ಗಾಡಿ ಹತ್ತಿದ. ಅವಸರದಲ್ಲಿ ಲಖನನ ಬೆನ್ನಿಗೆ ಕೊಟ್ಟ ಪೆಟ್ಟಿಗೆ ಆಗಷ್ಟೇ ಕೈಗೆ ಬಂದಿದ್ದ ಖಾರಿಯೆಲ್ಲ ಪುಡಿಯಾಗಿ ಚಹಾದಲ್ಲಿ ಬಿತ್ತು.

ಜ್ಞಾನದೇವ ಮಾತ್ರ ಹುಡುಗನನ್ನು ಅನುಮಾನದಿಂದ ನೋಡಿದ. "ಕಾಯ್ ಝಾಲಂ ರೇ? ಏನಾತೋ? ಒಂದ ತಾಸಾತು, ನಿನ್ನ ಬಾಯಾಗಿಂದ ಚಕಾರ ಇಲ್ಲ!" ಲಖನ ತುಟಿಯ ಮೇಲೆ ಬೆರಳಿಟ್ಟು ತಲೆಯಲ್ಲಾಡಿಸಿದ. ಅಷ್ಟು ಸಾಕಾಯಿತು. ಲಖನ ಮನೆ ಮುಟ್ಟುವ ಮೊದಲೇ, ಬಾಳುವಿನ ಮಗನಿಗೆ ಮಾತು ಹೋಯಿತೆಂಬ ಸುದ್ದಿ ಮನೆ ಮುಟ್ಟಿತ್ತು.

ತುಳಸವ್ವ ದೇವರ ಗೂಡಿನ ಮುಂದೆ ಕುಳಿತು ಏನೋ ಗೊಣಗುತ್ತ ಅಳುತ್ತಿದ್ದಳು. ಬಾಳು ಬೈಕು ಹೊರಗೆ ತೆಗೆದು, "ಹತ್ತು" ಎಂದ. ಹೆಚ್ಚು ಮಾತಾಡುವ ಮನುಷ್ಯನಲ್ಲ ಅವನು. ಆ ಮನೆಯ ಪಾಲಿನ ಮಾತೆಲ್ಲವನ್ನೂ ಮಗನೇ ಖರ್ಚು ಮಾಡುತ್ತಿದ್ದ.

ಚಿಕ್ಕೋಡಿಯಲ್ಲಿ ಭಾನುವಾರವೂ ತೆರೆದಿರುವ ಒಬ್ಬ ಡಾಕ್ಟರಿದ್ದರು. "ಆ ಅನ್ನು," ಎಂದರು. ಲಖನ ಯೋಚಿಸಿದ. 'ಆ' ಎಂಬುದು ಅಕ್ಷರ, ಮಾತಲ್ಲ. "ಆ" ಎಂದ.

"ಗಂಟಲಾ ಛಲೋ ಐತಿ. ನಾಲಿಗಿನೂ ಛಲೋ ಐತಿ," ಎಂದು ಡಾಕ್ಟರು ಬಹಳ ಹೊತ್ತು ವಿಚಾರ ಮಾಡಿದರು. "ಒಂದು ಇಂಜೆಕ್ಷನ್ ಮಾಡ್ತೀನಿ."

ಸೂಜಿ ಹೋದಾಗ ಲಖನ ಡಾಕ್ಟರ ಮೇಜಿನ ಅಂಚನ್ನು ಹಿಡಿದ ಹಿಡಿತಕ್ಕೆ ಮೇಜೇ ಕಿರುಗುಟ್ಟಿತು. ಅವನು ಕಿರುಚಲಿಲ್ಲ. ಅದನ್ನು ಕಂಡು ಡಾಕ್ಟರಿಗೂ ಗಾಬರಿಯಾಯಿತು. ಬೆಳಗಾವಿಗೊಮ್ಮೆ ತೋರಿಸಿರೆಂದು ಚೀಟಿ ಬರೆದುಕೊಟ್ಟರು.

ಮರಳಿ ಬರುವಾಗ ಬಾಳು ಬೈಕನ್ನು ಮೆಲ್ಲಗೆ ಓಡಿಸಿದ. ರಸ್ತೆಯ ಎರಡೂ ಬದಿಗೆ ಕಬ್ಬು. ಸ್ವಲ್ಪ ದೂರ ಬಂದ ಮೇಲೆ, ಹಿಂದೆ ತಿರುಗದೆಯೇ ಮಾತಾಡಿದ.

"ನೀ ಸಣ್ಣಾವಿದ್ದಾಗ ಮೂರ ವರ್ಷ ಆದ್ರೂ ಮಾತ ಬಂದಿದ್ದಿಲ್ಲ. ಮಂದಿ ಮೂಕ ಅಂತಿದ್ರು. ನೀರ ಬಿಡಾಕ ಹೋದಾಗ ಟಾಕಿ ಮ್ಯಾಲ ಕುಂತ ಅಳತಿದ್ದೆ. ಒಂದಿನ ನೀ 'ಅಪ್ಪಾ, ನೀರು' ಅಂದಿ. ಅವತ್ತ ಹುರುಪಿನ್ಯಾಗ ವಾಲ್ ಬಂದ್ ಮಾಡಾಕ ಮರ್ತೆ, ಓಣಿ ತುಂಬ ನೀರು! ಮಂದಿ ಬೈದ್ರು, ನಾ ನಗತಿದ್ದೆ." ಎದುರು ಬಂದ ಟ್ರ್ಯಾಕ್ಟರಿಗೆ ದಾರಿ ಬಿಟ್ಟ. "ಈಗ ದಿನಾ ನಿನಗ ಬಾಯಿ ಮುಚ್ಚು ಅಂತೀನಿ. ಇನ್ನ ಅನ್ನೂದಿಲ್ಲಪಾ. ನೀ ಎಷ್ಟರ ಮಾತಾಡು."

ಲಖನನಿಗೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಡೋಣವೆನ್ನಿಸಿತು. ಹೇಳಿದರೆ ಅಪ್ಪನಿಗೆ ಇವತ್ತು ನೆಮ್ಮದಿ, ಆದರೆ ಇನ್ನೊಂದು ವರ್ಷದ ಫೀಸು. ಅವನು ಅಪ್ಪನ ಬೆನ್ನಿಗೆ ಹಣೆ ಹಚ್ಚಿ, ಹೆಗಲನ್ನು ಗಟ್ಟಿಯಾಗಿ ಹಿಡಿದ. ಬಾಳು ಒಂದು ಕೈ ಹಿಂದೆ ತಂದು ಆ ಕೈಯನ್ನು ತಟ್ಟಿದ. ಹತ್ತೊಂಬತ್ತು ವರ್ಷ ಈ ಮನುಷ್ಯನ ಜೊತೆ ಒಂದೇ ಮನೆಯಲ್ಲಿದ್ದು, ಅವನ ಒಂದು ಕಥೆಯನ್ನೂ ಪೂರ್ತಿ ಕೇಳಿರಲಿಲ್ಲವಲ್ಲ ಎಂದು ಲಖನನಿಗೆ ನಾಚಿಕೆಯಾಯಿತು. ಈ ಅಸೈನ್‌ಮೆಂಟು ಕೊಟ್ಟ ಮೇಡಂಗೆ ಅವನು ಮನಸ್ಸಿನಲ್ಲೇ ಕೈ ಮುಗಿದ.

ಸಂಜೆ ಐದೂವರೆಗೆ ಮನೆಯಂಗಳ ತುಂಬಿತ್ತು. ಕಸ್ತೂರೆವ್ವ ನಿಪ್ಪಾಣಿಯಿಂದ ಬಂದಿದ್ದಳು. ಮಗಳು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ಕೈಯಲ್ಲಿತ್ತು, ಸೆರಗಿನ ಮೇಲೆ ಮೊಮ್ಮಗನ ಜೊಲ್ಲಿನ ಗುರುತಿತ್ತು. ಅದನ್ನು ಎಲ್ಲರಿಗೂ ತೋರಿಸುತ್ತಿದ್ದಳು. ವಿರುಪಾಕ್ಷಪ್ಪನೂ ಸಿದರಾಯನೂ ಒಂದೇ ಗಾಡಿಯ ಮೇಲೆ ಬಂದು, ಎರಡೆರಡು ಡಜನ್ ಬಾಳೆಹಣ್ಣು ಇಟ್ಟರು. ಎಲ್ಲರೂ ಲಖನನನ್ನು ಹೊಗಳುವವರೇ. ಅವನು ಗೋಡೆಯ ಗಡಿಯಾರ ನೋಡುತ್ತ ಕುಳಿತಿದ್ದ.

ಆರಕ್ಕೆ ಹತ್ತು ನಿಮಿಷವಿದ್ದಾಗ ತುಳಸವ್ವನ ಮೊಬೈಲ್ ರಿಂಗಾಯಿತು. ಅವಳಿಗೆ ಸ್ಪೀಕರ್ ಹಚ್ಚದೆ ಮಾತಾಡಿ ಗೊತ್ತಿರಲಿಲ್ಲ.

"ಲಖನನ ತಾಯಿ ಏನ್ರಿ? ನಾನು ಕಾಲೇಜಿಂದ ಉಜ್ವಲಾ ಮೇಡಂ. ಇವತ್ತ ನಿಮ್ಮ ಮಗಾ ಏನರ ಮಾತಾಡಿದ್ನೇನ್ರಿ?"

ತುಳಸವ್ವ ಮಗನ ಕಡೆ ನೋಡಿದಳು. ಸುದ್ದಿ ಕಾಲೇಜಿನವರೆಗೂ ಹೋಗಿದೆ! ಮಾತು ಹೋದ ಹುಡುಗನನ್ನು ಮಾತು ಕಲಿಸುವ ಕ್ಲಾಸಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

"ಅಯ್ಯ, ಬೆಳಿಗ್ಗೆ ಕಣ್ ತಗದಾಗಿಂದ ಮಾತರೀ! ಬಾಯಿಗೆ ಒಂದ ಗಳಿಗಿ ಬಿಡುವಿಲ್ಲರಿ!"

ಲಖನ ಜಿಗಿದೆದ್ದು ಎರಡೂ ಕೈ ಬೀಸಿದ. ಅವ್ವನ ಕಾಲು ಹಿಡಿದ.

"ಈಗೂ ನನ್ನ ಮುಂದs ಮಾತಾಡಾಕತ್ತಾನ ನೋಡ್ರಿ!" ಎಂದಳು ತುಳಸವ್ವ.

ಕಸ್ತೂರೆವ್ವ ಮೊಬೈಲ್ ಕಸಿದುಕೊಂಡಳು. ಮಾಸ್ತರಬಾಯಿಯ ಮುಂದೆ ಹುಡುಗನ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಸಮಯ ಯಾವಾಗ ಸಿಗುತ್ತದೆ? "ಬಾಯಾರ, ನನ್ನ ಮಗಳ ಮನಿ ಕೂಡಿಸಿದಾಂವ ನಿಮ್ಮ ಈ ಹುಡುಗರೀ! 'ಆಯಿ, ನೀ ಸಣ್ಣಾಕಿ ಆಗಿ ಹೋಗು, ದೊಡ್ಡಾಕಿ ಆಗಿ ಬರ್ತಿ' ಅಂದಾ. ಎಂಥಾ ಮಾತರೀ!"

"ನನಗೂ ಅರ್ಧಾ ತಾಸ ಬುದ್ಧಿ ಹೇಳಿದ್ನ್ರಿ," ಎಂದು ವಿರುಪಾಕ್ಷಪ್ಪ ಅತ್ತಿಂದಲೇ ಕೂಗಿದ. "'ಕಾಕಾ, ಬಾವಿ ಒಂದs ಇದ್ದಾಗ ಬಾಯಾರಿಕಿ ಯಾಕ ಬ್ಯಾರೆ?' ಅಂದಾ. ಕಣ್ಣಾಗ ನೀರ ಬಂತರೀ ನನಗ!"

ತಾನು ಜನ್ಮದಲ್ಲಿ ಆಡಿರದಂಥ ಒಳ್ಳೊಳ್ಳೆಯ ಮಾತುಗಳನ್ನು ಲಖನ ಬಾಯಿ ತೆರೆದು ಕೇಳಿದ. ಎಲ್ಲಾ ಸುಳ್ಳೆಂದು ಹೇಳಬೇಕಾದರೆ ಮಾತಾಡಬೇಕು. ಆರಕ್ಕಿನ್ನೂ ನಾಲ್ಕು ನಿಮಿಷವಿತ್ತು. ಕೊನೆಗೆ ಅವನು ಅಪ್ಪನ ಕೈ ಹಿಡಿದು ಎಳೆತಂದು ಮೊಬೈಲಿನ ಮುಂದೆ ನಿಲ್ಲಿಸಿದ. ಬಾಳು ಎಂದೂ ಸುಳ್ಳು ಹೇಳಿದವನಲ್ಲ.

ಬಾಳು ಗಂಟಲು ಸರಿ ಮಾಡಿಕೊಂಡ. "ಮೇಡಂ, ಖರೇ ಹೇಳ್ತೀನ್ರಿ. ಇವತ್ತ ಚಿಕ್ಕೋಡಿಯಿಂದ ಬರುವಾಗ ನನ್ನ ಮಗಾ ನನ್ನ ಕೂಡ ಮಾತಾಡಿದಂಗ ಹತ್ತೊಂಬತ್ತ ವರ್ಷದಾಗ ಎಂದೂ ಮಾತಾಡಿಲ್ಲರಿ. ಎಲ್ಲಾ ಹೇಳಿಕೊಂಡ."

ಗಡಿಯಾರ ಆರು ಹೊಡೆಯಿತು. ಲಖನನ ಹನ್ನೆರಡು ತಾಸಿನ ಮಾತು ಕಟ್ಟೆಯೊಡೆದು ಬಂತು.

"ಮೇಡಂ! ನಾ ಒಂದs ಒಂದ ಮಾತ ಆಡಿಲ್ಲರೀ! ಮೆಣಸಿನಕಾಯಿ ಘಾಟರೀ ಅದು! ಖಾರಿ ಬೇಡಿದ್ದರೀ ನಾ! ಇಂಜೆಕ್ಷನ್ ಮಾಡಿದ್ರೂ ಅಯ್ಯೋ ಅಂದಿಲ್ಲರಿ!" ಉಸಿರು ಬಿಡದೆ ಹನ್ನೊಂದು ನಿಮಿಷ ಹೇಳಿದ.

ಅವನು ಮುಗಿಸಿದಾಗ ಅಂಗಳದಲ್ಲಿ ಎಲ್ಲರ ಕಣ್ಣೂ ತುಂಬಿತ್ತು. "ನೋಡ್ರಿ ಮೇಡಂ," ಎಂದ ಸಿದರಾಯ, "ಎಷ್ಟ ದೊಡ್ಡ ಮನಸು! ಮಾಡಿದ್ದೆಲ್ಲಾ ಮಾಡಿ, ನಾ ಏನೂ ಹೇಳಿಲ್ಲ ಅಂತಾನ!"

"ಲಖನ," ಎಂದರು ಅತ್ತಲಿಂದ ಮೇಡಂ, "ಮಾತಾಡಿದಿ ಅಂತ ಸಾಕ್ಷಿ ಹೇಳಾವ್ರು ನಾಕ ಮಂದಿ. ಇಲ್ಲ ಅನ್ನಾಂವ ನೀ ಒಬ್ಬನs. ನಾವು ಏನಂದ್ವಿ ಅನ್ನೂದಲ್ಲಪಾ, ಕೇಳಿದಾವ್ರಿಗೆ ಏನ್ ಮುಟ್ಟಿತು ಅನ್ನೂದs ಸಂವಹನ. ಇವತ್ತ ನೀ ಊರ ತುಂಬ ಮಾತಾಡಿದಿ. ಸೊನ್ನಿ ಹಾಕ್ತೀನಿ. ಮುಂದಿನ ವರ್ಷ ಕ್ಲಾಸಿನ್ಯಾಗ ಭೆಟ್ಟಿ ಆಗೂಣು."

ಲಖನ ಮೆಟ್ಟಿಲ ಮೇಲೆ ಕುಳಿತ. ಯಾರೋ ಅವನ ಬಾಯಿಗೆ ಹೋಳಿಗೆಯ ತುಂಡು ಇಟ್ಟರು. ಬಾಳು ಪಕ್ಕದಲ್ಲಿ ಬಂದು ಕುಳಿತು, ಮಗನ ಹೆಗಲ ಮೇಲೆ ಕೈ ಹಾಕಿದ. ಅವನಿಗೆ ಸೊನ್ನೆಯ ಚಿಂತೆಯೇ ಇದ್ದಂತಿರಲಿಲ್ಲ. ಮಗ ಮಾತಾಡಿದ್ದ, ಅಷ್ಟೇ ಸಾಕಾಗಿತ್ತು. ಅದನ್ನು ಕಂಡು ಲಖನನಿಗೂ ಹೋಳಿಗೆ ಸ್ವಲ್ಪ ಸಿಹಿಯಾಯಿತು.

ಆಗ ತುಳಸವ್ವ ಒಳಗಿನಿಂದ ಭಂಡಾರದ ಅರಿಶಿನಪುಡಿ ತಂದು ಮಗನ ಹಣೆಗೆ ಹಚ್ಚಿ, ಮಾಯಕ್ಕ ದೇವಿಯ ಗುಡಿಯಿರುವ ದೂರದ ಚಿಂಚಲಿಯ ದಿಕ್ಕಿಗೆ ಕೈ ಮುಗಿದಳು.

"ಚಿಂಚಲಿ ಮಾಯಕ್ಕ ತಾಯೀ, ನನ್ನ ಮಗನ ಬಾಯಿ ಹೊಳ್ಳಿ ಕೊಟ್ಟಿ! ಮುಂಜಾನೆನs ಹರಕಿ ಹೊತ್ತೀನಿ. ಮಾತ ಬಂದ್ರ ಬರೂ ರವಿವಾರ ಹೊತ್ತ ಹುಟ್ಟೂದ್ರಾಗ ಮನಿ ಬಿಟ್ಟು ನಿನ್ನ ಗುಡಿ ತನಕಾ ಬರೆಗಾಲೀಲೆ ನಡಕೊಂತ ಬರ್ತಾನವ್ವಾ!"

"ಆತು ಬೇ, ನಡೀತೀನಿ," ಎಂದ ಲಖನ. ಅಷ್ಟು ಜನರ ಪ್ರೀತಿಯ ನಡುವೆ ಬೇಡವೆನ್ನಲು ಬಾಯಿ ಬರಲಿಲ್ಲ.

"ಬರೇ ನಡದ್ರ ಆಗೂದಿಲ್ಲೋ," ಎಂದಳು ತುಳಸವ್ವ, ಕಣ್ಣೊರೆಸಿಕೊಳ್ಳುತ್ತ. "ದಾರಿ ತುಂಬ ಒಂದ ಮಾತ ಆಡಬಾರದು."