ಹಲಗೆಗೆ ಅನ್‌ಡೂ ಇಲ್ಲ ಕಣೋ

ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯೋ ಮೆಷಿನ್ನು ಮೇಟಗಳ್ಳಿಯ ನನ್ನ ಮರಗೆಲಸದ ಶೆಡ್ಡಿಗೆ ಬಂದಾಗಿನಿಂದ ನಾನು ನಗೆಪಾಟಲಾಗದ ವಾರವೇ ಇಲ್ಲ. ಈಗೀಗ ಅಭ್ಯಾಸ ಆಗ್ಬುಟ್ಟಿದೆ.

ಯಾವುದು ಇರಲಿ?

ಮೆಷಿನ್ ಏನೋ ಬಂತು. ಅದಕ್ಕೆ ಕೊಡೋ ಡಿಸೈನ್ ಬರೆಯೋಕೆ ಸಾಫ್ಟ್‌ವೇರ್ ಆರಿಸಬೇಕಲ್ಲ! ನಾನೋ ಏಳನೇ ಕ್ಲಾಸಲ್ಲಿ ಡ್ರಾಯಿಂಗ್ ಫೇಲು. ಆವಾಗ ಫೇಲ್ ಮಾಡಿದ್ದ ಮಿಸ್ಸೇ ಗತಿ ಅಂತ ಲಕ್ಷ್ಮೀಪುರಕ್ಕೆ ಹೋಗಿ ಕರೆದೆ. ರಿಟೈರ್ ಆಗಿ ಆರಾಮಾಗಿದ್ದೋರು, ಪಾಪ, ಬಂದ್ರು.

ಡೀಲರ್ ಮೂರು ಸಾಫ್ಟ್‌ವೇರ್ ತೋರಿಸಿದ. "ಇದರಲ್ಲಿ ವಿಮಾನಾನೂ ಡಿಸೈನ್ ಮಾಡಬಹುದು ಸಾರ್."

"ನಾನು ಮಾಡೋದು ದೇವರ ಮನೆ ಬಾಗಿಲು ಕಣಪ್ಪ."

ಎರಡನೇದರ ಬಟನ್‌ಗಳನ್ನ ನೋಡೇ ತಲೆ ಗಿರ್ ಅಂತು. ಮೂರನೇದರಲ್ಲಿ ಎಳೆದ ಗೆರೆ ಸೊಟ್ಟಗಾಯ್ತು. ಮಿಸ್ ಏನೋ ಒತ್ತಿದ್ರು, ಗೆರೆ ಮಾಯ! "ಇದು ಅನ್‌ಡೂ. ಮಾಡಿದ ತಪ್ಪು ಅಳಿಸಿಹೋಗುತ್ತೆ" ಅಂದ್ರು.

ಮೂವತ್ತು ವರ್ಷ ಉಳಿ ಹಿಡಿದವನು ನಾನು, ಕಣ್ಣಲ್ಲಿ ನೀರೇ ಬಂತು. "ಇದೇ ಇರಲಿ" ಅಂದೆ. ಅನ್‌ಡೂ ಮೂರರಲ್ಲೂ ಇತ್ತು ಅಂತ ಆಮೇಲೆ ಗೊತ್ತಾಯ್ತು.

ಗುರುದಕ್ಷಿಣೆ

ಮೊದಲ ಕೆಲಸ ಮಿಸ್ ಮನೆಗೆ ಹೆಸರಿನ ಬೋರ್ಡು. ಉದ್ದ ಹದಿನೆಂಟು ಅಂತ ಹಾಕಿ ಟೀ ಕುಡಿಯೋಕೆ ಹೋದೆ. ನಮ್ಮ ಬಾಯಲ್ಲಿ ಹದಿನೆಂಟು ಅಂದ್ರೆ ಇಂಚು. ಸಾಫ್ಟ್‌ವೇರಿಗೆ ಅದು ಮಿಲಿಮೀಟರ್. ವಾಪಸ್ ಬಂದು ನೋಡಿದ್ರೆ ಮರದ ಹೊಟ್ಟಿನ ಮಧ್ಯೆ ಹುಣಿಸೆ ಬೀಜದಷ್ಟು ಬೋರ್ಡು!

ಮಿಸ್ ಕನ್ನಡಕ ಏರಿಸಿ ನೋಡಿದ್ರು. "ಚೆನ್ನಾಗಿದೆ ಕಣೋ. ಇರುವೆಗಳು ನಮ್ಮನೆ ಹುಡುಕ್ಕೊಂಡು ಬಂದ್ರೆ ಅನುಕೂಲ."

ನಾಲ್ಕೇ ಹಲಗೆ

ಮಿಸ್ ಹೋಗೋ ಚರ್ಚಿನಲ್ಲಿ ಹಳೇ ಬೆಂಚುಗಳನ್ನ ಬಿಚ್ಚಿದ್ರು. ಆ ತೇಗದಲ್ಲಿ ಹಬ್ಬಕ್ಕೆ, ಹೂವು ಹೂವಾಗಿ ತೂತು ಕೊರೆದ ಒಂದು ಜಾಲಂದ್ರ ಆಗಬೇಕಿತ್ತು. "ನಮ್ಮ ಹುಡುಗ ಮಾಡ್ತಾನೆ" ಅಂತ ಮಿಸ್ ಫಾದರ್‌ಗೆ ಮಾತು ಕೊಟ್ಟು ಕೆಲಸ ಕೊಡಿಸಿದ್ರು. ನನಗೆ ಐವತ್ತೆರಡು ವರ್ಷ.

"ನೋಡೋ, ಇರೋದು ನಾಲ್ಕೇ ಹಲಗೆ. ನಮ್ಮಪ್ಪ ಅಮ್ಮ ಕೂತು ಪ್ರಾರ್ಥನೆ ಮಾಡಿದ ಮರ. ಕೆಟ್ರೆ ಬೇರೆ ಸಿಗಲ್ಲ" ಅಂದ್ರು ಮಿಸ್.

ಮೂರು ಹಲಗೆ ಲಕ್ಷಣವಾಗಿ ಬಂದವು. ನಾಲ್ಕನೇದು ಅರ್ಧ ಆದಾಗ ನೋಡ್ತೀನಿ, ಒಂದು ಹೂವು ಜರುಗಿ ಅಂಚನ್ನೇ ಕೊರೀತಿದೆ! ಮೆಷಿನ್ ನಿಲ್ಲಿಸೋ ಕೆಂಪು ಬಟನ್ ಕೈಗೆಟುಕೋ ಹಾಗಿತ್ತು. ನಾನು ಓಡಿದ್ದು ಕಂಪ್ಯೂಟರ್ ಹತ್ರ. ಅನ್‌ಡೂ, ಅನ್‌ಡೂ, ಅನ್‌ಡೂ! ಪರದೆ ಮೇಲೆ ಹೂವು ಮಾಯವಾಯ್ತು. ಹಲಗೆಯಲ್ಲಿ ತೂತು ಹಾಗೇ ಇತ್ತು, ಮೆಷಿನ್ ಪಕ್ಕದ ಹೂವು ಶುರು ಮಾಡಿತ್ತು.

ಅಲ್ಲೇ ಕೂತು ನೋಡ್ತಿದ್ದ ಮಿಸ್ ಎದ್ದು ಬಂದು ಕೆಂಪು ಬಟನ್ ಒತ್ತಿದ್ರು. "ಹಲಗೆಗೆ ಅನ್‌ಡೂ ಇಲ್ಲ ಕಣೋ."

ನಾನು ನೆಲದ ಮೇಲೆ ಕೂತ್ಬುಟ್ಟೆ. "ನಿಮ್ಮ ಮಾತು ಕೆಡಿಸ್ಬುಟ್ಟೆ ಮಿಸ್."

"ಏಳು, ಏಳು. ಐದನೇ ಹಲಗೆ ನಮ್ಮನೆ ಮಂಚದ ಕೆಳಗಿದೆ."

"ನಾಲ್ಕೇ ಅಂದ್ರಿ?"

"ಏಳನೇ ಕ್ಲಾಸಲ್ಲಿ ನಿನ್ನ ಪೇಪರ್ ತಿದ್ದಿದವಳು ನಾನು. ಅಷ್ಟೂ ಗೊತ್ತಿರಲ್ವಾ?"

ಇಂಥಾ ಗುರು ಸಿಗೋಕೆ ಯಾವ ಜನ್ಮದ ಪುಣ್ಯವೋ, ನಿಜ ಹೇಳ್ತೀನಿ, ಅವತ್ತು ಕಾಲಿಗೆ ಬಿದ್ದೆ.

ಹಬ್ಬದ ದಿನ ಜಾಲಂದ್ರ ಚರ್ಚಿನಲ್ಲಿ ನಿಂತಿತ್ತು. ಜನ ಮುಟ್ಟಿ ಮುಟ್ಟಿ ನೋಡ್ತಿದ್ರು, ಮಿಸ್ ಎಲ್ಲರಿಗೂ "ನನ್ನ ಸ್ಟೂಡೆಂಟು" ಅಂತಿದ್ರು. ಫಾದರ್ ಬಂದು ನನ್ನ ಕೈ ಕುಲುಕಿ, ಮೆತ್ತಗೆ ಕೇಳಿದ್ರು:

"ಹಾಗಾದ್ರೆ, ನಾನು ಎತ್ತಿಟ್ಟಿರೋ ಆರನೇ ಹಲಗೆ ಇನ್ನು ಬೇಕಾಗಲ್ಲ ತಾನೆ?"