ಅತ್ತೆಯ ಹೊಟ್ಟೆ, ನನ್ನ ಗಾಜಿನ ಹೊಟ್ಟೆ

ನಾನು ಹೊಟ್ಟೆಪಾಡಿಗಾಗಿ ಹೊಟ್ಟೆಗಳನ್ನೇ ನೋಡಿಕೊಳ್ಳುವವಳು. ಮುಂಬಯಿಯ ಕಾಂದಿವಲಿಯ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ನನ್ನ ವಶದಲ್ಲಿ ಸಾಲಾಗಿ ಗಾಜಿನ ಪಾತ್ರೆಗಳಿವೆ. ಅವುಗಳಲ್ಲಿ ಮೈಬಿಸಿಯಷ್ಟೇ ಬಿಸಿಯಾದ, ತುಸು ಆಮ್ಲ ಸೇರಿಸಿದ ನೀರು; ನಡುವೆ ನಿಧಾನವಾಗಿ ತಿರುಗುವ ಹುಟ್ಟು. ಒಂದು ಗುಳಿಗೆ ಹಾಕುವುದು, ಆಗಾಗ ನೀರು ತೆಗೆದು ಎಷ್ಟು ಔಷಧಿ ಕರಗಿದೆ ಎಂದು ಅಳೆಯುವುದು, ಮನುಷ್ಯರ ಮೈಗೆ ಇಷ್ಟು ಹತ್ತಬಹುದು ಎಂದು ಭವಿಷ್ಯ ನುಡಿಯುವುದು. ಗಾಜಿನ ಹೊಟ್ಟೆಗಳಲ್ಲಿ ಒಂದು ದೊಡ್ಡ ಗುಣವಿದೆ, ಅವು ಎದುರು ಮಾತಾಡುವುದಿಲ್ಲ. ಎದುರು ಮಾತಾಡುವ ಹೊಟ್ಟೆ ದಹಿಸರ್‌ನ ನಮ್ಮ ಮನೆಯಲ್ಲಿತ್ತು. ಅದು ನನ್ನ ಅತ್ತೆಯದು.

ಅತ್ತೆ ಉಡುಪಿ ಕಡೆಯವರು. ಮಾವ ಇದ್ದಾಗ ಬೊರಿವಲಿಯ ಸಣ್ಣ ಹೋಟೆಲೊಂದರ ಅಡುಗೆಮನೆಯನ್ನು ಆಳಿದವರು. ನಾನೋ ವಿಜಯಪುರದಿಂದ ಬಂದು ಧಾರಾವಿಯಲ್ಲಿ ನೆಲೆಸಿದವರ ಮಗಳು. ನಮ್ಮಿಬ್ಬರ ಕನ್ನಡ ಒಂದಕ್ಕೊಂದು ಒಗ್ಗಲು ವರ್ಷಗಳೇ ಹಿಡಿದವು. ಕಳೆದ ಮಳೆಗಾಲದಲ್ಲಿ ಅತ್ತೆಗೆ ಸುಸ್ತು ಶುರುವಾಯಿತು. ಕಾಲು ಊದಿಕೊಂಡಿತು, ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಗೋಡೆ ಹಿಡಿದು ನಿಲ್ಲತೊಡಗಿದರು. ಮೊದಲಿನಿಂದಲೂ ನುಂಗುತ್ತಿದ್ದ ಥೈರಾಯ್ಡಿನ ಗುಳಿಗೆಯ ಪ್ರಮಾಣವನ್ನು ಡಾಕ್ಟರು ಹೆಚ್ಚಿಸಿದರು, ಮತ್ತೂ ಹೆಚ್ಚಿಸಿದರು. ರಕ್ತಪರೀಕ್ಷೆ ಮಾತ್ರ ಜಗ್ಗಲಿಲ್ಲ. "ಇನ್ನೂ ಹೆಚ್ಚು ಕೊಡ್ಲಿಕ್ಕೆ ನಂಗೆ ಹೆದರಿಕೆ. ಹೃದಯ ತಡೀಬೇಕಲ್ಲ," ಎಂದರು ಡಾಕ್ಟರು. ಅವರು ಕುಂದಾಪುರದವರಾದ್ದರಿಂದ ಹೆದರಿಕೆಯೂ ನಮಗೆ ಶುದ್ಧ ಕನ್ನಡದಲ್ಲೇ ಸಿಕ್ಕಿತು. ರಿಕ್ಷಾದಲ್ಲಿ ಗಂಡ ನನ್ನತ್ತ ತಿರುಗಿ, "ನಿನ್ನ ಕೆಲಸವೇ ಇದಲ್ವಾ?" ಎಂದರು. ಅಷ್ಟೇ ಅಂದರು.

ನನ್ನ ಅನುಮಾನ ಕಾಫಿಯ ಮೇಲಿತ್ತು. ಅತ್ತೆ ಬೆಳಗಿನ ಗುಳಿಗೆಯನ್ನು ಕಾಫಿಯಲ್ಲೇ ನುಂಗುತ್ತಿದ್ದರು.

"ಅತ್ತೀ, ಗುಳಿಗಿ ಬರೇ ನೀರಾಗ ನುಂಗ್ರಿ. ಕಾಫಿ ಒಂದ್ ತಾಸು ಬಿಟ್ಟು ಕುಡೀರಿ."

"ಎಂತ ಮಾರಾಯ್ತಿ, ಕಾಫಿ ಕುಡಿಯದೆ ನಂಗೆ ಕಣ್ಣೇ ಬಿಡ್ಲಿಕ್ಕೆ ಆಗುದಿಲ್ಲ. ಮತ್ತೆ ಗುಳಿಗೆ ಕಾಣುದು ಹೇಗೆ?"

ನಮ್ಮ ಲ್ಯಾಬಿನ ಪರೀಕ್ಷೆಯ ದೋಷ ಆಗ ನನಗೆ ಹೊಳೆಯಿತು. ನಮ್ಮ ಗಾಜಿನ ಹೊಟ್ಟೆ ಸದಾ ಖಾಲಿ, ಸದಾ ಶುಚಿ. ಅಂಥ ಹೊಟ್ಟೆ ಇಡೀ ಮುಂಬಯಿಯಲ್ಲಿ ಯಾರಿಗಿದೆ? ಕಾಫಿ, ಚಹಾ, ಹಾಲು ಬೆರೆಸಿಯೂ ಪರೀಕ್ಷಿಸೋಣ ಎಂದು ಬಾಸ್‌ಗೆ ಹೇಳಿದೆ. "ಮೇಡಂ, ಇದು ಲ್ಯಾಬಾ, ಉಡುಪಿ ಹೋಟೆಲಾ?" ಎಂದು ಹಿಂದಿಯಲ್ಲಿ ಕೇಳಿದರು. ಆದರೆ ಹಿಂದೊಮ್ಮೆ ಗಾಜಿನಲ್ಲಿ ಸಲೀಸಾಗಿ ಕರಗಿದ ನಮ್ಮದೇ ಗುಳಿಗೆಯೊಂದು ಮನುಷ್ಯರಲ್ಲಿ ಕೈಕೊಟ್ಟಿದ್ದ ನೋವು ಅವರಿಗೂ ಇತ್ತು. ಹೂಂ ಅಂದರು.

ಅತ್ತೆಯ ಕಾಫಿಯನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ಲೋಕಲ್ ರೈಲು ಹತ್ತಿದೆ. ಬೆಳಗಿನ ನೂಕುನುಗ್ಗಲಿನಲ್ಲಿ ಅದನ್ನು ಕೂಸಿನಂತೆ ಅಪ್ಪಿಕೊಂಡೇ ಇಳಿದೆ. ಒಂದು ಪಾತ್ರೆಗೆ ನೀರು, ಇನ್ನೊಂದಕ್ಕೆ ಕಾಫಿ, ಎರಡಕ್ಕೂ ಅತ್ತೆಯದೇ ಗುಳಿಗೆ. ಮೊದಮೊದಲು ಕಾಫಿಯ ಬಣ್ಣವು ಅಳೆಯುವ ಯಂತ್ರವನ್ನೇ ದಾರಿ ತಪ್ಪಿಸಿತು. ಸೋಸಿ, ಬೇರ್ಪಡಿಸಿ, ಮತ್ತೆ ಅಳೆದೆ. ಗ್ರಾಫಿನಲ್ಲಿ ನೀರಿನ ಗೆರೆ ಮೇಲೇರಿತು, ಕಾಫಿಯ ಗೆರೆ ಕೆಳಗೇ ಉಳಿಯಿತು. ಔಷಧಿ ಸೋತದ್ದಕ್ಕೆ ಇಷ್ಟು ಸಂತೋಷಪಟ್ಟ ಸೊಸೆ ಇನ್ನೊಬ್ಬಳಿರಲಾರಳು.

ಸಂಜೆ ಗಾಜಿನ ಹೊಟ್ಟೆಯ ಕಥೆ ಹೇಳಿ ಆ ಗ್ರಾಫನ್ನು ಅತ್ತೆಯ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಈ ಗಾಜಿಗೆ ಹಸಿವು ಉಂಟಾ?"

"ಇಲ್ರಿ."

"ನಾಲ್ಕು ಮಕ್ಕಳನ್ನು ಹೆತ್ತ ಹೊಟ್ಟೆಗೆ ಇದು ಬುದ್ಧಿ ಹೇಳುದಾ?"

ಎದ್ದು ಒಳಗೆ ಹೋದರು. ಆದರೆ ಮರುದಿನದಿಂದ ಕಾಫಿಯ ಪರಿಮಳ ತಡವಾಗಿ ಬರತೊಡಗಿತು. ಅತ್ತೆ ಗುಳಿಗೆ ನುಂಗಿ, ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು, ನನ್ನೊಡನೆ ಮಾತಿಲ್ಲದೆ ಕಾಯುತ್ತಿದ್ದರು. ಆ ಮೌನಕ್ಕಿಂತ ಬೈಗುಳ ಎಷ್ಟೋ ವಾಸಿಯಾಗಿತ್ತು.

ವಾರಗಳು ಉರುಳಿ ಮತ್ತೆ ರಕ್ತಪರೀಕ್ಷೆಯಾಯಿತು. ಏನೂ ಬದಲಾಗಿರಲಿಲ್ಲ. ಡಾಕ್ಟರ ಕೋಣೆಯಲ್ಲಿ ಅತ್ತೆಯ ಏದುಸಿರು ಎಲ್ಲರಿಗೂ ಕೇಳುತ್ತಿತ್ತು.

"ಬೆಳಿಗ್ಗೆ ಗುಳಿಗೆ ಜೊತೆ ಬೇರೆ ಎಂತ ತಗೊಳ್ತೀರಿ ಅಮ್ಮ?" ಎಂದು ಡಾಕ್ಟರು ಕೇಳಿದರು.

"ಎಂತದ್ದೂ ಇಲ್ಲ. ಕಾಫಿ ಸಹ ದೂರ ಮಾಡಿದೆ. ಮೂಳೆಗೆ ಒಳ್ಳೇದು ಅಂತ ಇವಳು ಒಂದು ಕ್ಯಾಲ್ಸಿಯಂ ಗುಳಿಗೆ ಕೊಡ್ತಾಳೆ. ಎರಡನ್ನೂ ಒಟ್ಟಿಗೇ ಕೈಗೆ ಹಾಕ್ತಾಳೆ, ಪಾಪ, ಮರೀಬಾರ್ದು ಅಂತ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಕ್ಯಾಲ್ಸಿಯಂ ಈ ಔಷಧಿಯನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವುದಿಲ್ಲ ಎಂಬುದು ನಮ್ಮ ಓದಿನ ಮೊದಲ ಪಾಠಗಳಲ್ಲೊಂದು. ಅತ್ತೆಯ ಕೈಯ ಕಾಫಿಯನ್ನು ಲೋಕಲ್‌ನಲ್ಲಿ ಹೊತ್ತು ತಂದು ಪರೀಕ್ಷಿಸಿದ್ದ ನನಗೆ, ನನ್ನ ಕೈಯಿಂದ ಹೋಗುವುದನ್ನೂ ಪರೀಕ್ಷಿಸಬೇಕು ಎಂದು ಹೊಳೆದಿರಲಿಲ್ಲ.

ಕ್ಯಾಲ್ಸಿಯಂ ರಾತ್ರಿಯ ಊಟದ ನಂತರಕ್ಕೆ ಹೋಯಿತು. ಮುಂದಿನ ರಕ್ತಪರೀಕ್ಷೆಯಲ್ಲಿ ಅಂಕಿ ಜಗ್ಗಿತು. ಡಾಕ್ಟರು ಗುಳಿಗೆಯ ಪ್ರಮಾಣವನ್ನು ಇಳಿಸಿದರು. ಅತ್ತೆ ಈಗ ಗೋಡೆ ಹಿಡಿಯದೆ ಮೆಟ್ಟಿಲು ಹತ್ತುತ್ತಾರೆ, ನನ್ನೊಡನೆ ಮಾತನ್ನೂ ಆಡುತ್ತಾರೆ. ಮೊನ್ನೆ ಪಕ್ಕದ ಮನೆಯವರು ಬಂದು, ಸೊಸೆಗೆ ಏನು ಕೆಲಸ ಎಂದು ಕೇಳಿದಾಗ ಹೆಮ್ಮೆಯಿಂದಲೇ ಹೇಳಿದರು: "ಔಷಧಿ ಮೈಗೆ ಹತ್ತುತ್ತದಾ ಇಲ್ವಾ ಅಂತ ನೋಡುದು. ಭಾರೀ ಹುಷಾರು. ಆದ್ರೆ ಅವಳು ಏನಾದ್ರೂ ಕೊಟ್ರೆ, ಡಾಕ್ಟ್ರ ಹತ್ರ ಒಂದು ಮಾತು ಕೇಳಿ ತಿನ್ನಿ."