ನನ್ನ ಹೊಟ್ಟಿ ಉರಿಸಿದ ಸ್ಲಾತ್

ಸಾಲಿ ಮಾಸ್ತರಕಿ ಅಂದ್ರ ಹಿಂಗ ನೋಡ್ರಿ, ಒಂದಿಲ್ಲೊಂದು ಫಜೀತಿ ನಡದ ಇರ್ತದ. ನಾವು ಕಲಿಸೋದು ಒಂದು, ಹುಡುಗ್ರು ಕಲಿಯೋದು ಇನ್ನೊಂದು, ಮರುದಿನ ಅವರವ್ವ ಬಂದು ಜಗಳಾ ತಗಿಯೋದು ಮತ್ತೊಂದು. ಆದ್ರ ಒಂದು ಪ್ರಾಣಿ ಮ್ಯಾಲೆ ಹೊಟ್ಟಿಕಿಚ್ಚು ಪಟ್ಟ ಮಾಸ್ತರ ಅಂದ್ರ ಇಡೀ ಜೇವರ್ಗಿ ತಾಲ್ಲೂಕಿನಾಗ ನಾನೊಬ್ಬನೇ ಇರಬೇಕು. ಪ್ರಾಣಿನರ ಎಂಥದ್ದು? ಹುಲಿ ಅಲ್ಲ, ಆನಿ ಅಲ್ಲ. ದಿನಾ ಪೂರ್ತಿ ಗಿಡಕ್ಕ ತಲಿಕೆಳಗಾಗಿ ಜೋತುಬಿದ್ದು ನಿದ್ದಿ ಹೊಡಿಯೋ ಪ್ರಾಣಿ!

ಅದರ ನಗಿ, ನನ್ನ ನಗಿ

ಯಡ್ರಾಮಿ ರಸ್ತೆದಾಗ ನಮ್ಮ ಸಾಲಿ. ನಮ್ಮ ಕಡಿ ಮಾಸ್ತರನ ಕಿಮ್ಮತ್ತು ರಿಸಲ್ಟಿನ ಮ್ಯಾಲೆ ತಿಳಿಯೂದಿಲ್ರಿ. ಎಳ್ಳಮಾಸಿಗಿ ಎಷ್ಟು ಹೊಲದಿಂದ ಊಟಕ್ಕ ಕರಿ ಬಂತು, ಅದರ ಮ್ಯಾಲೆ ತಿಳೀತದ. ಅವತ್ತ ಊರಿಗೂರೇ ಬುತ್ತಿ ಕಟಗೊಂಡು ಹೊಲಕ್ಕ ಹೋಗ್ತದ. ಭೂಮಿತಾಯಿಗಿ ಎಡಿ ಅಂತ ಚರಗಾ ಚೆಲ್ಲಿ, ಗಿಡದ ಬುಡಕ ಕುಂತು ಉಣ್ತಾರ. ಪ್ರತಿ ವರ್ಷ ಹದಿನೈದು ದಿನಾ ಮೊದಲ ಹುಡುಗ್ರು ನನ್ನ ಅಂಗಿ ಜಗ್ಗೋರು: "ಸರ್ರಿ, ನಮ್ಮ ಹೊಲಕ್ಕ ಬರ್ರಿ!" ಎಲ್ಲಾರಕಿಂತ ಮೊದಲ ಜಗ್ಗಾಕಿ ನನ್ನ ಮೂರನೇ ಕ್ಲಾಸಿನ ಒಬ್ಬಾಕಿ ಹುಡುಗಿ. ಭಾಳ ಚೂಟಿ.

ಈ ವರ್ಷ ಆಳಂದದಿಂದ ವರ್ಗ ಆಗಿ ಒಬ್ರು ಹೊಸ ಟೀಚರು ಬಂದ್ರು. ಬಂದವರ ಸಾಲಿ ಟಿವಿಯಾಗ ಸ್ಲಾತ್ ಅನ್ನೋ ಪ್ರಾಣಿ ತೋರಿಸಿದ್ರು. ದಕ್ಷಿಣ ಅಮೆರಿಕದ ಕಾಡಿನಾಗ ಇರ್ತದಂತ, ಗಿಡದ ತಪ್ಪಲಾ ತಿಂತದಂತ, ಸಾವಕಾಶ ಅಂದ್ರ ಎಷ್ಟು ಸಾವಕಾಶ, ಮೈಮ್ಯಾಲೆ ಪಾಚಿ ಬೆಳೀತದಂತ! ನಾ ಈ ಕಡಿ ಖೋಲ್ಯಾಗ ಮಗ್ಗಿ ಹೇಳಸಾಕತ್ತಿದ್ದೆ. ತಿರುಗಿ ನೋಡಿದ್ರ ನನ್ನ ಹುಡುಗ್ರೆಲ್ಲಾ ಕಿಡಕ್ಯಾಗ ಜೋತುಬಿದ್ದಾವ.

"ಏನದ ಲೇ ಅದರಾಗ ಅಷ್ಟು?" ಅಂದೆ.

ಆ ಚೂಟಿ ಹುಡುಗಿ ಹೇಳಿದ್ಳು: "ಸರ್ರಿ, ಅದು ಯಾವಾಗ್ಲೂ ನಗ್ತಾ ಇರ್ತದ್ರಿ."

"ನಾನೂ ನಗ್ತೇನಲ್ಲ!"

"ನೀವು ಪಗಾರದ ದಿನ ಅಷ್ಟ ನಗ್ತೀರ್ರಿ."

ಬೇವಿನ ಗಿಡದ ಮ್ಯಾಲೆ

ಮರುವಾರ ಆ ಹುಡುಗಿಯ ಅವ್ವ ಸೆರಗ ಸೊಂಟಕ್ಕ ಸಿಗಿಸಿಕೊಂಡು ಬಂದ್ಳು. "ಸರ್ರಿ, ಏನ್ ಕಲಸಾಕತ್ತೀರಿ ಸಾಲ್ಯಾಗ? ಮುಂಜಾನಿಂದ ಬೇವಿನ ಗಿಡಾ ಹತ್ತಿ ಕುಂತಾಳ. ಇಳಿ ಬೇ ಅಂದ್ರ, 'ನಾ ಸ್ಲಾತ್ ಇದ್ದೇನಿ, ವಾರಕ್ಕ ಒಮ್ಮೆ ಸಂಡಾಸಕ್ಕಷ್ಟ ಇಳೀತೇನಿ' ಅಂತಾಳ!"

ಖರೇ ಹೇಳ್ತೇನಿ, ನನಗ ಹೋಳಿಗಿ ಉಂಡಷ್ಟು ಖುಷಿ ಆತು. "ನಂದಲ್ಲ ತಾಯಿ ಆ ಪಾಠ. ಹೊಸ ಟೀಚರದು. ಬರ್ರಿ, ನಾನ ತೋರಿಸ್ತೇನಿ," ಅಂತ ಮುಂದಾಗಿ ಕರ್ಕೊಂಡು ಹೋದೆ. ಆಕಿ ಟೀಚರನ್ನ ತನ್ನ ಮನಿಗಿ ಕರ್ಕೊಂಡು ಹೊಂಟ್ಳು. ಜಗಳಾ ಪೂರಾ ನೋಡಬೇಕಲ್ಲ, ನಾನೂ ಬೆನ್ನ ಹತ್ತಿ ಹೋದೆ.

ಟೀಚರು ಗಿಡದ ಬುಡಕ ನಿಂತು ಮ್ಯಾಲೆ ನೋಡಿ, ಅಗದೀ ಸಾವಕಾಶ ಅಂದ್ರು: "ಸ್ಲಾತವ್ವಾ, ಸ್ಲಾತಿಗಿ ಈಜಂದ್ರ ಭಾಳ ಬೇಶ್ ಬರ್ತದ. ನೀರಿಗಿ ಇಳಿಯಂಗಿಲ್ಲೇನು?"

ಹುಡುಗಿ ಒಂದೊಂದ ಕೈ, ಒಂದೊಂದ ಕಾಲು ಬಿಡಕೋತ ಇಳದು ಸೀದಾ ಬಚ್ಚಲಿಗಿ ಹೋದ್ಳು.

ಅವ್ವ ಬಾಯಿ ಮ್ಯಾಲೆ ಕೈ ಇಟಗೊಂಡ್ಳು. "ಯವ್ವಾ! ಬಡಿಲಾರದ ಇಕಿ ಜಳಕಕ್ಕ ಹೋಗಿದ್ದು ಇವತ್ತ ನೋಡ್ರಿ! ಟೀಚರ್ರಿ, ಎಳ್ಳಮಾಸಿಗಿ ನಮ್ಮ ಹೊಲಕ್ಕ ನೀವು ಬರಾಕಬೇಕು." ಆಮ್ಯಾಲೆ ನಾನೂ ಅಲ್ಲೇ ನಿಂತದ್ದು ಕಂಡಿತು. "ಸರ್ರಿ... ನಿಮಗೂ ಹೊತ್ತಿದ್ರ ಬರ್ರಿ."

ಹೊತ್ತಿದ್ರ! ಇಷ್ಟು ವರ್ಷ ಅವರ ಹೊಲದಾಗ ಮೊದಲನೇ ಎಲಿ ನಂದಿತ್ರಿ.

ನನ್ನ ಎಮ್ಮಿ

ಇರ್ಲಿ, ನಾನೂ ತೋರಿಸ್ತೇನಿ ಅಂತ ಹಟಾ ಹುಟ್ಟಿತು. ಸಾವಕಾಶ ಪ್ರಾಣಿ ಬೇಕಂದ್ರ ಅಮೆರಿಕಾಕ್ಕ ಯಾಕ ಹೋಗಬೇಕು? ಮನ್ಯಾಗಿನ ಎಮ್ಮಿ ಹೊಡಕೊಂಡು ಸಾಲಿಗಿ ಬಂದೆ.

"ನೋಡ್ರಿ ಮಕ್ಕಳಾ, ಖರೇ ಪ್ರಾಣಿ ಅಂದ್ರ ಇದು. ಟಿವಿಯಾಗಿಂದಲ್ಲ, ಮುಟ್ಟಿ ನೋಡ್ರಿ. ಇದಕೂ ಅವಸರಿಲ್ಲ, ಸಿಟ್ಟಿಲ್ಲ..."

ಅಷ್ಟರಾಗ ಎಮ್ಮಿ ಪಡಸಾಲಿ ಕಡಿ ಮಾರಿ ತಿರುವಿತು. ಅಲ್ಲಿ ಟೀಚರು ಹುಡುಗ್ರ ಕೈಲೆ ಮಾಡಿಸಿದ ಸ್ಲಾತ್ ತೂಗಬಿಟ್ಟಿದ್ರು. ಗೋಣಿಚೀಲದ ಮೈ, ಒಳಗೆಲ್ಲಾ ಜ್ವಾಳದ ಮೇವು, ಪಾಚಿ ಅಂತ ಮ್ಯಾಲೆ ಹಸಿ ಹುಲ್ಲು. ನಮ್ಮ ಎಮ್ಮಿ ಓಡಿದ್ದು ನಾ ಅವತ್ತ ಮೊದಲ ಸಲ ನೋಡಿದೆ. ಹಗ್ಗದ ಜೋಡಿ ನನ್ನೂ ಎಳಕೊಂಡು ಹೋತು. ನಾ ಎದ್ದು ಧೂಳ ಝಾಡಿಸಿಕೊಳ್ಳೂದ್ರೊಳಗ ಸ್ಲಾತಿನ ಅರ್ಧ ಹೊಟ್ಟಿ ಖಾಲಿ.

ಹುಡುಗ್ರು ಹೋ ಅಂತ ಅಳಾಕತ್ತಿದ್ವು. ಹೆಡ್ ಮಾಸ್ತರು ಕನ್ನಡಕ ಏರಿಸಿ ಕೇಳಿದ್ರು: "ಮಾಸ್ತರ್ರ, ಅವಸರಿಲ್ಲದ ಪ್ರಾಣಿ ಎಲ್ಲದ?"

ಎಳ್ಳಮಾಸಿ

ಎಳ್ಳಮಾಸಿ ನಾಳಿಗಿ ಅನ್ನೂತನಕಾ ಒಂದು ಹುಡುಗೂ ನನ್ನ ಅಂಗಿ ಜಗ್ಗಲಿಲ್ಲ. ಜಗ್ಗಲಿ ಅಂತ ನಾನ ನಾಕು ಸಲ ಅವರ ನಡುವ ಅಡ್ಡಾಡಿದೆ. ಎಲ್ಲಾ "ಟೀಚರ್ರಿ, ಟೀಚರ್ರಿ!" ನನ್ನ ಹೊಟ್ಟ್ಯಾಗ ಬೆಂಕಿ.

"ನಾ ಯಾರ ಹೊಲಕ್ಕೂ ಹೋಗೂದಿಲ್ಲ," ಅಂತ ಮನ್ಯಾಗ ಕುಂತೆ.

ಹೆಂಡತಿ ಅಂದ್ಳು: "ಹೊತ್ತಿದ್ರ ಬರ್ರಿ ಅಂದಾರಲ್ಲ? ಹೊತ್ತಿಗೇನು ಕಮ್ಮಿ ನಿಮಗ? ಹೋಗ್ರಿ ಸುಮ್ಮ."

ಹೋದೆ. ಆ ಹುಡುಗಿಯ ಹೊಲದಾಗ ಅರ್ಧ ಸಾಲಿನೇ ಇತ್ತು. ಮೊದಲನೇ ಎಲಿ ಟೀಚರದು. ಅವರ ಸುತ್ತ ಹುಡುಗ್ರು, ಅವರ ಮೊಬೈಲಿನಾಗ ಸ್ಲಾತಿನ ಮರಿ. ನಾ ಕಡೀಕ ಕುಂತೆ. ಮಾತಾಡಾಕ ಯಾರೂ ಇಲ್ಲ, ಉಂಡೆ. ಕಾಳು ಕಾಯಿಪಲ್ಲೆ ಎಲ್ಲಾ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗಿ. ಹುಡುಗಿಯ ಅವ್ವ ನೀಡಿದಂಗ ಉಂಡೆ. ಸಿಟ್ಟಿನಾಗ ಬ್ಯಾಡ ಅನ್ನೋದ ನೆನಪಾಗಲಿಲ್ಲ.

ಆಮ್ಯಾಲೆ ಬೇವಿನ ನೆರಳಿಗಿ ಕಂಬಳಿ ಮ್ಯಾಲೆ ಬಿದ್ದೆ. ಏಳಾಕ ಆಗವಲ್ದು, ಹೊರಳಾಕ ಆಗವಲ್ದು. ಮೂಗಿನ ಮ್ಯಾಲೆ ಒಂದು ನೊಣಾ ಕುಂತಿತು. ಹೊಡಿಬೇಕಂತ ಕೈ ಎತ್ತಿದೆ. ಕೈ ಮೂಗಿನ ಹತ್ರ ಬರೂದ್ರಾಗ ನೊಣಾ ಎದ್ದು ಹೋಗಿ, ಹೋಳಿಗಿ ನೆಕ್ಕಿ, ತಿರುಗಿ ಬಂದು ಕುಂತಿತ್ತು.

"ಏ, ಬರ್ರಿ ಇಲ್ಲಿ! ಖರೇ ಸ್ಲಾತ್!"

ಅದೇ ಚೂಟಿ ಹುಡುಗಿ. ಟೀಚರನ್ನ ಅಲ್ಲೇ ಬಿಟ್ಟು ಅಷ್ಟೂ ಹುಡುಗ್ರು ಓಡಿ ಬಂದು ನನ್ನ ಸುತ್ತ ಕುಂತ್ವು. "ಒದರಬ್ಯಾಡ್ರಿ, ಅಂಜತದ," ಅಂತು ಒಂದು. ಇನ್ನೊಂದು ಕಡ್ಲಿ ತಪ್ಪಲಾ ತಂದು ಪಾಚಿ ಅಂತ ನನ್ನ ಹೊಟ್ಟಿ ಮ್ಯಾಲೆ ಹರವಿತು. ಇಷ್ಟು ದಿನದ ಮ್ಯಾಲೆ ನನ್ನ ಹುಡುಗ್ರು ನನ್ನ ಕಡಿ ಬಂದಾವಲ್ಲ ಅಂತ ನನಗ ನಗಿ ತಡೀಲಿಲ್ಲ.

"ನಗ್ತು! ಪಗಾರ ಇಲ್ಲಂದ್ರೂ ನಗ್ತು!"

ಟೀಚರು ಮೊಬೈಲ್ ಹಿಡಕೊಂಡು ಒಬ್ಬರ ನಿಂತಿದ್ರು. "ಮಕ್ಕಳಾ, ಸ್ಲಾತಿನ ಮರಿ ನೋಡೂದಿಲ್ಲೇನು?" ಅಂದ್ರು. ಯಾರೂ ಹೊಳ್ಳಿ ನೋಡಲಿಲ್ಲ. ಅವರ ಮಾರಿ ಸಣ್ಣದಾತು. ಆ ಮಾರಿ ನನಗ ಚೊಲೋತ್ನಾಗಿ ಗೊತ್ತದ ಬಿಡ್ರಿ, ದಿನಾ ಕನ್ನಡ್ಯಾಗ ನೋಡಿದ್ದು.

ನಾ ಏಳಾಕ ಹೋದೆ. ಹುಡುಗಿ ನನ್ನ ಎದಿ ಮ್ಯಾಲೆ ಕೈ ಇಟ್ಟು ಒತ್ತಿ ಮಲಗಿಸಿದ್ಳು. "ಏಳಬ್ಯಾಡ್ರಿ ಸರ್ರಿ. ಉಂಡದ್ದು ಕರಗಾಕ ಸ್ಲಾತಿಗಿ ವಾರಗಟ್ಲೆ ಬೇಕು." ಆಮ್ಯಾಲೆ ನನ್ನ ಅಂಗಿ ಹಿಡದು ಜಗ್ಗಿದ್ಳು. "ಬರೂ ವರ್ಷನೂ ನಮ್ಮ ಹೊಲಕ್ಕ ನೀವ ಬರಬೇಕು. ಮೊದಲನೇ ಎಲಿ ನಿಮದ."

ಅಷ್ಟಂದಾಕಿ ತಿರುಗಿ ನೋಡಿದ್ಳು.

"ಟೀಚರ್ರಿ, ನಿಮಗೂ ಹೊತ್ತಿದ್ರ ಬರ್ರಿ."